ರೆಮಿ ತಿರುಗಿದ ಆರು ಸೆಕೆಂಡು

ಬಾತಿನ್ಯೋಲ್ ಬಡಾವಣೆಯ ನಮ್ಮ ಕಟ್ಟಡಕ್ಕೆ ಆರು ಮಹಡಿ, ನೂರಾ ಹದಿನಾಲ್ಕು ಮೆಟ್ಟಿಲು, ಅಷ್ಟಕ್ಕೂ ಸೇರಿ ನಾನೊಬ್ಬಳು. ಮೂವತ್ತೊಂಬತ್ತು ವರ್ಷ ಆ ಬಾಗಿಲು ಕಾದೆ. ಮೆಟ್ಟಿಲು ಒರೆಸಿದೆ, ಟಪಾಲು ಹಂಚಿದೆ. ಯಾರ ಕಾಗದ ಯಾರಿಂದ ಬಂತೆಂದು ಲಕೋಟೆ ಮೂಸಿಯೇ ಹೇಳುತ್ತಿದ್ದೆ. ನನ್ನ ಗಂಡ ಚಾವಣಿಗೆ ತಗಡು ಹೊದಿಸುವವನು. ನಮ್ಮದೇ ಬೀದಿಯ ಚಾವಣಿಯಿಂದ ಜಾರಿ ಸತ್ತ. ಆಗ ನನ್ನ ಮಗ ರೆಮಿಗೆ ಒಂಬತ್ತು ವರ್ಷ. ನಾನು ಆ ಕಥೆ ಹೇಳಿದಷ್ಟು ಸಲವೂ ಚಾವಣಿ ಒಂದೊಂದು ಮಹಡಿ ಮೇಲೇರುತ್ತದೆ ಎಂದು ಕಟ್ಟಡದವರು ನಗುತ್ತಿದ್ದರು. 'ಹೌದು ಕುರ್ತೋ ಅಮ್ಮ, ಹೌದು' ಎನ್ನುತ್ತಾ ಮೆಟ್ಟಿಲು ಹತ್ತಿಬಿಡುತ್ತಿದ್ದರು. ನಗಲಿ ಬಿಡಿ. ಚಾವಣಿ ಎಷ್ಟು ಎತ್ತರವಿತ್ತೆಂದು ಬಿದ್ದವನಿಗೆ ಗೊತ್ತು.

ಆರನೇ ಮಹಡಿಯಲ್ಲಿ, ಹಿಂದೆ ಮನೆಗೆಲಸದ ಹುಡುಗಿಯರು ಮಲಗುತ್ತಿದ್ದ ಗೂಡಿನಂಥ ಕೋಣೆಯಲ್ಲಿ, ತಿಬೋ ಎಂಬುವನು ಬಾಡಿಗೆಗಿದ್ದ. ಎಂಥ ಬಡಕಲು ಎಂದರೆ ಅವನನ್ನು ಬಾಗಿಲ ಸಂದಿನಿಂದಲೇ ಒಳಗೆ ಬಿಡಬಹುದಿತ್ತು, ಬೀಗ ತೆರೆಯಬೇಕಿರಲಿಲ್ಲ. ದಿನಕ್ಕೆ ಮೂರು ಸಿನಿಮಾ ನೋಡುವುದು, ಬಂದು ಒಂದು ಪತ್ರಿಕೆಗೆ ಬರೆಯುವುದು, ಬರೆದದ್ದರಲ್ಲೆಲ್ಲ ದೊಡ್ಡ ದೊಡ್ಡ ನಿರ್ದೇಶಕರನ್ನು ಬೈಯುವುದು, ಇದೇ ಅವನ ಉದ್ಯೋಗ. ಅವರ ಸಿನಿಮಾದಲ್ಲಿ ಬೀದಿಯೂ ರಟ್ಟಿನದು, ಮಳೆಯೂ ಕೊಳವೆಯದು, ಮಾತೂ ಇಸ್ತ್ರಿ ಹಾಕಿದ್ದು ಎಂದು ನನಗೂ ಪಾಠ ಹೇಳುತ್ತಿದ್ದ. ಅಷ್ಟು ಬುದ್ಧಿಯಿದ್ದರೆ ನೀನೇ ಒಂದು ಮಾಡಿ ತೋರಿಸು ಮಹಾಪ್ರಭು ಎಂದು ನಾನು ಕೆಣಕುತ್ತಿದ್ದೆ. ರುವಾಂನಲ್ಲಿದ್ದ ಅವನ ಸೋದರತ್ತೆ ತೀರಿಕೊಂಡು ಮನೆ ಇವನ ಹೆಸರಿಗೆ ಬಂತು. ಪುಣ್ಯಾತ್ಮ, ಮನೆ ಮಾರಿದ, ನಿಜವಾಗಿಯೂ ಸಿನಿಮಾ ಮಾಡಲು ನಿಂತ. ಅದು ಐವತ್ತೊಂಬತ್ತರ ಬೇಸಿಗೆ.

ಅವನೊಬ್ಬನೇ ಅಲ್ಲ, ಆ ವರ್ಷ ಊರಿನಲ್ಲಿ ಅಂಥವರೇ ತುಂಬಿದ್ದರು. ಅದಕ್ಕೆ ಹೊಸ ಅಲೆ ಎಂದು ಹೆಸರಿಟ್ಟರು. ನನಗೆ ಗೊತ್ತಿದ್ದ ಅಲೆ ಎಂದರೆ ನಾಲ್ಕನೇ ಮಹಡಿಯಲ್ಲಿ ನನ್ನ ಬಕೆಟ್ಟು ಮಗುಚಿಕೊಂಡಾಗ ಬರುತ್ತಿದ್ದದ್ದು. ಸ್ಟುಡಿಯೋ ಇಲ್ಲ, ದೀಪ ಇಲ್ಲ, ಪರವಾನಗಿಯಂತೂ ಮೊದಲೇ ಇಲ್ಲ. ಬೆಳಿಗ್ಗೆ ಮೂಲೆಯ ಕೆಫೆಯಲ್ಲಿ ಕೂತು ತಿಬೋ ಆ ದಿನದ ಮಾತು ಗೀಚುತ್ತಿದ್ದ, ಮಧ್ಯಾಹ್ನದೊಳಗೆ ಚಿತ್ರ ತೆಗೆದು ಮುಗಿಸುತ್ತಿದ್ದ. ದಾರಿಹೋಕರಿಗೆ ತಿಳಿಯಬಾರದೆಂದು ಕ್ಯಾಮೆರಾವನ್ನು ಕೂಸಿನ ತಳ್ಳುಗಾಡಿಯಲ್ಲಿಟ್ಟು ಮೇಲೆ ಕಂಬಳಿ ಹೊದಿಸಿದ್ದರು. ಗಾಡಿ ನನ್ನದು, ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಹಿಂದೆ ಬಿದ್ದಿತ್ತು, ರೆಮಿ ಅದರಲ್ಲೇ ಬೆಳೆದವನು. ಕ್ಯಾಮೆರಾ ಮಾತ್ರ ಕಾಫಿ ಬೀಜ ಅರೆಯುವ ಯಂತ್ರದ ಹಾಗೆ ಗರಗರ ಎನ್ನುತ್ತಿತ್ತು. ಅದಕ್ಕೇ ಶಬ್ದವನ್ನು ಆಗ ಹಿಡಿಯುತ್ತಲೇ ಇರಲಿಲ್ಲ. ಬರೀ ಚಿತ್ರ ತೆಗೆದಿಟ್ಟುಕೊಂಡು, ತಿಂಗಳುಗಳ ಮೇಲೆ ಒಂದು ಕೋಣೆಯಲ್ಲಿ ಕೂತು ಬಾಯಿಗೆ ತಕ್ಕ ಹಾಗೆ ದನಿ ತುಂಬುವುದು. ಎಲ್ಲರ ಪದ್ಧತಿ ಅದೇ ಆಗಿತ್ತು.

ರೆಮಿಗೆ ಆಗ ಇಪ್ಪತ್ತೊಂದು. ಸೈನ್ಯದವರು ಕಳಿಸಿದ್ದ ಅಲ್ಜೀರಿಯಾದಿಂದ ಹನ್ನೆರಡು ದಿನದ ರಜೆಯ ಮೇಲೆ ಬಂದಿದ್ದ. ಅಲ್ಲಿ ನಡೆಯುತ್ತಿದ್ದದ್ದಕ್ಕೆ ಯುದ್ಧ ಎನ್ನಬಾರದೆಂದು ಸರ್ಕಾರದವರು ಹೇಳಿದ್ದರು. ಅನ್ನಲಿಲ್ಲ. ರಜೆಯೆಂದು ಬಂದವನು ಹನ್ನೆರಡು ದಿನವೂ ತಿಂದ, ಮಲಗಿದ, ಮತ್ತೆ ತಿಂದ. ಅವನು ಉಂಡ ಸೂಪಿನಲ್ಲಿ ಸೇನ್ ನದಿಗೆ ಇನ್ನೊಂದು ಕವಲು ಹರಿಸಬಹುದಿತ್ತು. ಹೊರಡುವ ದಿನ ಬೆಳಿಗ್ಗೆ ತಿಬೋ ಮೆಟ್ಟಿಲಿಳಿದು ಬಂದು ಒಂದು ಸಹಾಯ ಕೇಳಿದ. ಅವನ ಸಿನಿಮಾದ ನಾಯಕಿ ದೂರದಿಂದ ನೋಡುವಾಗ ಒಬ್ಬ ಸೈನಿಕ ಮನೆ ಬಿಟ್ಟು ಹೋಗಬೇಕಂತೆ. ರೆಮಿ ಹೇಗೂ ಹೋಗುವವನೇ.

'ನಟನ್ನ ತಂದ್ರೆ ಹೋಗೋ ಥರ ಮಾಡ್ತಾನೆ ಅಷ್ಟೇ,' ಎಂದ ತಿಬೋ. 'ಇವನು ನಿಜವಾಗ್ಲೂ ಹೋಗ್ತಾನೆ. ನೀವೂ ಕಿಟಕೀಲಿ ನಿಂತ್ಕೊಂಡು ದಿನಾ ಬೈಯೋ ಹಾಗೆ ಬೈದು ಕಳ್ಸಿ ಕುರ್ತೋ ಅಮ್ಮ. ಗಾಡಿ ಕಡೆ ಮಾತ್ರ ನೋಡ್ಬೇಡಿ.'

ನಾವು ಒಳಗೇ ಮುತ್ತು ಕೊಟ್ಟುಕೊಂಡು ಬೀಳ್ಕೊಂಡಾಗಿತ್ತು. ರೆಮಿಗೆ ಇದೆಲ್ಲ ತಮಾಷೆ. ಸಿನಿಮಾದಲ್ಲಿ ನೀನು ಇದ್ದದ್ದಕ್ಕಿಂತ ಮುದುಕಿಯಾಗಿ ಕಾಣುತ್ತೀಯ ಎಂದು ಕೆಣಕಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ನಾನು ನೆಲಮಹಡಿಯ ನನ್ನ ಕಿಟಕಿಯಲ್ಲಿ ನಿಂತು ಕೂಗಿದೆ.

'ಹೋಗೋ ಹೋಗು. ನೀನು ತೊಲಗಿದ್ರೆ ದಿನಕ್ಕೆರಡು ಬ್ರೆಡ್ಡಾದ್ರೂ ಉಳಿಯುತ್ತೆ ಈ ಮನೇಲಿ.'

ಕೂಗಿದ್ದೇ ಕಣ್ಣಿಗೆ ನೀರು ನುಗ್ಗಿತು. ಗಂಡನನ್ನು ಮಣ್ಣು ಮಾಡಿದ ದಿನವೂ ಆ ಬೀದಿ ನನ್ನ ಕಣ್ಣೀರು ಕಂಡಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದುಕೊಂಡು ಕಿಟಕಿಯನ್ನು ಧಡ್ಡನೆ ಹಾಕಿ ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಮುಖ ಒರೆಸಿಕೊಂಡು ಮತ್ತೆ ಕಿಟಕಿ ತೆರೆದಾಗ ಬೀದಿಯಲ್ಲಿ ತಿಬೋ ಒಬ್ಬನೇ ಗಾಡಿಯ ಕಂಬಳಿ ಮಡಿಸುತ್ತಿದ್ದ. ರೈಲಿನ ಹೊತ್ತಾಗಿತ್ತು. ಇನ್ನೊಂದು ಸಲ ತೆಗೆಯುವ ಹಾಗಿರಲಿಲ್ಲ.

ನವೆಂಬರಿನಲ್ಲಿ ಪುರಸಭೆಯಿಂದ ಒಬ್ಬ ಬಂದ. ಕಪ್ಪು ಕೋಟು, ಕೈಯಲ್ಲಿ ಟೋಪಿ. ಎಲ್ಲರ ಹಾಗೆ ಬಾಗಿಲು ಕಾಯುವವಳನ್ನೇ ಕೇಳಿದ, ಮದಾಮ್ ಕುರ್ತೋ ಎಷ್ಟನೇ ಮಹಡಿಯಲ್ಲಿರುತ್ತಾರೆ ಎಂದು. ಅವನು ಟೋಪಿ ಹಿಡಿದಿದ್ದ ರೀತಿ ನೋಡಿದೆ. 'ಆರನೇ ಮಹಡಿ, ಎಡಗಡೆ' ಎಂದೆ. ಪಾಪ, ದಪ್ಪ ಮನುಷ್ಯ, ನೂರಾ ಹದಿನಾಲ್ಕು ಮೆಟ್ಟಿಲು ಏದುಸಿರು ಬಿಡುತ್ತಾ ಹತ್ತಿದ, ಎಡಗಡೆಯ ಬಾಗಿಲು ತಟ್ಟಿದ, ತಿಬೋನ ಮುಖ ನೋಡಿ ಮತ್ತೆ ಅಷ್ಟೂ ಮೆಟ್ಟಿಲು ಇಳಿದ. ಅವನು ಹತ್ತಿ ಇಳಿಯುವಷ್ಟು ಹೊತ್ತು ನನ್ನ ಮಗ ಬದುಕಿದ್ದ. ಆಮೇಲೆ ಅಲ್ಜೀರಿಯಾದ ಒರಾನಿನ ಹತ್ತಿರ ಯಾವುದೋ ರಸ್ತೆ, ಲಾರಿ ಎಂದೇನೇನೋ ಓದಿ ಹೇಳಿದ. ಅವನ ಹಿಂದೆಯೇ ತಿಬೋ ಬರಿಗಾಲಲ್ಲಿ ಇಳಿದು ಬಂದು ನನ್ನ ಬಾಗಿಲಲ್ಲಿ ನಿಂತಿದ್ದ. ನಾನು ಅವನಿಗೆ, ಮೆಟ್ಟಿಲು ಈಗಷ್ಟೇ ಒರೆಸಿದ್ದೇನೆ, ಕಾಲು ಒರೆಸಿಕೊಂಡು ಬಾ ಎಂದೆನಂತೆ. ನನಗೆ ನೆನಪಿಲ್ಲ.

ಫೆಬ್ರವರಿಯಲ್ಲಿ ತಿಬೋ ಮತ್ತೆ ಕೆಳಗೆ ಬಂದ. ಸಿನಿಮಾಕ್ಕೆ ದನಿ ತುಂಬುವ ಕೆಲಸ ನಡೆದಿದೆ, ಕಿಟಕಿಯಲ್ಲಿ ನಾನು ಕೂಗಿದ ಆ ಒಂದು ಮಾತು ಬೇಕು, ಮನಸ್ಸಿಲ್ಲದಿದ್ದರೆ ಬೇರೆ ಯಾರಿಂದಲಾದರೂ ಹೇಳಿಸುತ್ತೇನೆ ಎಂದು ನೆಲ ನೋಡುತ್ತಾ ಹೇಳಿದ. ಚಿತ್ರದಲ್ಲಿ ರೆಮಿ ಕಾಣುತ್ತಾನೆಯೇ ಎಂದು ಕೇಳಿದೆ. ಕಾಣುತ್ತಾನೆ ಎಂದ. ಮೂರನೇ ಮಹಡಿಯವಳ ನರಿ ಚರ್ಮದ ಕೊರಳಪಟ್ಟಿಯ ಕೋಟು ಇಸಿದುಕೊಂಡು ಹೊರಟೆ.

ಅದೊಂದು ನೆಲಮಾಳಿಗೆಯ ಕೋಣೆ, ಸಣ್ಣ ಪರದೆ. ಪರದೆಯ ಕೆಳಗೆ ಒಂದು ಬಿಳಿ ಪಟ್ಟಿ ಓಡುತ್ತದೆ, ಅದರ ಮೇಲೆ ಆಡಬೇಕಾದ ಮಾತನ್ನು ಕೈಯಲ್ಲಿ ಬರೆದಿರುತ್ತಾರೆ. ಮಾತು ಕೆಂಪು ಗೆರೆಗೆ ಬಂದು ಮುಟ್ಟಿದ ಕೂಡಲೇ ಬಾಯಿ ಬಿಡಬೇಕು. ಆ ಪಟ್ಟಿ ಬರೆಯುವವಳು ಯುಗೆತ್ ಎಂಬ ಹೆಂಗಸು, ನನ್ನದೇ ವಯಸ್ಸಿನವಳು. ಇಡೀ ದಿನ ಮೂಕ ಬಾಯಿಗಳನ್ನು ನೋಡಿ, ತುಟಿ ಎಲ್ಲಿ ಕೂಡಿತು, ಎಲ್ಲಿ ತೆರೆಯಿತು ಎಂದು ಗುರುತು ಹಾಕುವುದೇ ಅವಳ ಕೆಲಸ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಓಡುವ ಅಕ್ಷರ ನನಗೆ ಸಿಗುವುದಿಲ್ಲ ಎಂದೆ. ತಾನು ಭುಜ ತಟ್ಟಿದಾಗ ಮಾತಾಡಿದರೆ ಸಾಕು ಎಂದಳು. ಚಿತ್ರದ ಆ ತುಂಡಿನ ತುದಿಯನ್ನು ಅದರ ಮೊದಲಿಗೆ ಅಂಟಿಸಿ ಬಳೆಯ ಹಾಗೆ ಮಾಡಿರುತ್ತಾರೆ. ಮಾತು ಸರಿಹೋಗುವವರೆಗೆ ಅದೇ ತುಂಡು ಸುತ್ತುತ್ತಲೇ ಇರುತ್ತದೆ.

ದೀಪ ಆರಿತು. ಬಾಗಿಲು ತೆರೆಯಿತು, ರೆಮಿ ಹೊರಗೆ ಬಂದ. ಚೀಲ ಹೆಗಲಿಗೆ ಏರಿಸಿಕೊಂಡ. ಕಿಟಕಿಯಲ್ಲಿ ಒಬ್ಬ ಹೆಂಗಸು ಬಾಯಿ ಆಡಿಸಿದಳು, ಕಿಟಕಿ ಮುಚ್ಚಿಕೊಂಡಿತು. ಅಷ್ಟು ನನಗೆ ಗೊತ್ತಿದ್ದದ್ದೇ.

ಆಮೇಲಿನದು ಗೊತ್ತಿರಲಿಲ್ಲ. ರೆಮಿ ತಿರುಗಿದ. ಮುಚ್ಚಿದ ಕಿಟಕಿಯ ಕಡೆಗೆ ಒಂದು ಹೆಜ್ಜೆ ಹಿಂದಕ್ಕೆ ಬಂದ. ಏನೋ ಹೇಳಿದ. ಹೇಳಿ, ಕಿಟಕಿ ತೆರೆಯುತ್ತದೇನೋ ಎಂಬಂತೆ ಒಂದು ಗಳಿಗೆ ನಿಂತ. ತೆರೆಯಲಿಲ್ಲ. ಅರ್ಧ ನಕ್ಕು, ತಲೆಯಾಡಿಸಿ, ಬೀದಿಯ ತುದಿಯವರೆಗೆ ನಡೆದು ಮರೆಯಾದ. ಮತ್ತೆ ಬಾಗಿಲು ತೆರೆಯಿತು, ಮತ್ತೆ ರೆಮಿ ಹೊರಗೆ ಬಂದ.

ಯುಗೆತ್ ಭುಜ ತಟ್ಟಿದಳು. ನಾನು ಮಾತಾಡಲಿಲ್ಲ. ಎರಡನೇ ಸಲ ಬೇಗ ಆಡಿದೆ, ಮೂರನೇ ಸಲ ತಡವಾಗಿ. ಒಂದು ಸಲ ಕೆಮ್ಮಿದೆ, ಒಂದು ಸಲ ಸೀನಿದೆ, ಒಂದು ಸಲ ಬ್ರೆಡ್ಡಿನ ಬದಲು ಬೆಣ್ಣೆ ಎಂದೆ. ಮಾತು ತಪ್ಪಿದಷ್ಟು ಸಲವೂ ನನ್ನ ಮಗ ಮನೆಯಿಂದ ಹೊರಗೆ ಬರುತ್ತಿದ್ದ. ಇನ್ನೂರು ಸಲ ತಪ್ಪಿದೆ. ಯುಗೆತ್‌ಳ ಲೆಕ್ಕದಲ್ಲಿ ಹತ್ತೊಂಬತ್ತು. ಅವಳಿಗೆ ಮೂರನೇ ಸಲಕ್ಕೇ ಅರ್ಥವಾಗಿತ್ತು, ಆದರೂ ಪ್ರತಿ ಸಲ ಮೆಲ್ಲಗೆ ಭುಜ ತಟ್ಟುತ್ತಲೇ ಇದ್ದಳು. ಕೊನೆಗೆ ತಿಬೋನೇ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಿಮಗೆ ಬೇರೆ ಮಾತು ಹೇಳಬೇಕೆನಿಸಿದರೆ ಹೇಳಿ, ತುಟಿಗೆ ಹೊಂದಿದರೆ ಸಾಕು, ಒಳ್ಳೆಯ ಮಾತೇ ಹೇಳಿ ಎಂದ. ನಾನು ಒಪ್ಪಲಿಲ್ಲ. ಅವತ್ತು ಆಡಿದ್ದನ್ನೇ, ಆಡಿದ ಹಾಗೆಯೇ ಆಡಿದೆ. ದನಿ ಹಿಡಿಯುವ ಯಂತ್ರದವನು ಸರಿಯಾಯಿತು ಎಂದ.

ಇನ್ನು ರೆಮಿಯ ಮಾತು. ಅದಕ್ಕೊಬ್ಬ ನಟನನ್ನು ಕರೆಸಿದ್ದರು. ಒಳ್ಳೆಯ ಹುಡುಗ, ನನ್ನ ಕೈ ಕುಲುಕಿದ, ಬಾಯಲ್ಲಿದ್ದ ಪೆಪ್ಪರಮಿಂಟನ್ನು ಮರ್ಯಾದೆಗೆ ನುಂಗಿಬಿಟ್ಟ. ರೆಮಿ ಏನು ಹೇಳಿದನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಗಾಡಿಯ ಪಕ್ಕದಲ್ಲಿದ್ದ ತಿಬೋಗೆ ಕ್ಯಾಮೆರಾದ ಗರಗರದಲ್ಲಿ ಕೇಳಿಸಿರಲಿಲ್ಲ. ಯುಗೆತ್ ತುಟಿಯ ಗುರುತು ನೋಡಿ ನೋಡಿ, ಈ ಬಾಯಿಗೆ ನೂರು ಮಾತು ಹೊಂದುತ್ತವೆ, ಯಾವುದೆಂದು ಹೇಳುವುದು ಹೇಗೆ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

ಸುಳ್ಳು ಹೇಳುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 'ಮೊದಲ ಹಿಮ ಬೀಳೋದ್ರೊಳಗೆ ಬಂದ್ಬಿಡ್ತೀನಿ ಅಮ್ಮ, ಆಮೇಲೆ ನಿನ್ನ ಬ್ರೆಡ್ಡಿನ ಗತಿ ನೋಡ್ಕೊ ಅಂದ. ಯಾವಾಗ್ಲೂ ಹಾಗೇ ಹೇಳ್ತಿದ್ದ,' ಎಂದುಬಿಟ್ಟೆ. ಹಾಗೆ ಅವನು ಒಂದು ದಿನವೂ ಹೇಳಿದವನಲ್ಲ. ಯುಗೆತ್ ಎರಡು ಪದ ತೆಗೆದು ಪಟ್ಟಿಯ ಮೇಲೆ ಬರೆದಳು. ನಟ ಒಂದೇ ಸಲಕ್ಕೆ ಆಡಿದ. ಕೈಗವಸಿನ ಹಾಗೆ ಹೊಂದಿಕೊಂಡಿತು. ಯಂತ್ರದವನ ಕಣ್ಣೂ ಒದ್ದೆಯಾಯಿತು. ಅಳತೆ ನೋಡಲು ಮತ್ತೆರಡು ಸಲ ಓಡಿಸಿದರು. ನನ್ನ ಮಗನ ಬಾಯಿ, ಪೆಪ್ಪರಮಿಂಟಿನವನ ದನಿ.

ರೆಮಿಯ ದನಿ ಸ್ವಲ್ಪ ಒಡಕು, ಹದಿಮೂರರಲ್ಲಿ ಒಡೆದದ್ದು ಪೂರ್ತಿ ಕೂಡಿರಲೇ ಇಲ್ಲ. ನವೆಂಬರಿನಿಂದ ನಾನು ಮೆಟ್ಟಿಲು ಒರೆಸುವಾಗೆಲ್ಲ ಅದನ್ನು ಕಿವಿಯೊಳಗೆ ಕರೆದುಕೊಳ್ಳುತ್ತಿದ್ದೆ, ಬರುತ್ತಿತ್ತು. ಈಗ ಕರೆದೆ. ಪೆಪ್ಪರಮಿಂಟಿನವನು ಬಂದ. ಮತ್ತೆ ಕರೆದೆ. ಅವನೇ ಬಂದ. ರೆಮಿಯದೆಂದು ನನ್ನ ಹತ್ತಿರ ಉಳಿದಿದ್ದದ್ದು ಆ ಒಡಕು ದನಿಯೊಂದೇ. ಅದೂ ನನ್ನ ಕಣ್ಣೆದುರೇ, ನನ್ನದೇ ಸುಳ್ಳಿನಿಂದ ಅಳಿಸಿಹೋಗುತ್ತಿತ್ತು. ಎದ್ದು ನಿಂತೆ.

'ನಿಲ್ಸಿ. ಅವನು ಹಾಗೆ ಹೇಳ್ಲಿಲ್ಲ. ಏನ್ ಹೇಳ್ದ ಅಂತ ನಂಗೆ ಗೊತ್ತಿಲ್ಲ. ನನ್ ಮಗನ ಬಾಯಲ್ಲಿ ಬೇರೆಯವರ ದನಿ ಬೇಡ ತಿಬೋ.'

ತಿಬೋ ದೀಪ ಹಾಕಿಸಿದ. ಬಾಯಿ ಆಡುತ್ತಿದ್ದು ದನಿ ಬರದಿದ್ದರೆ ಯಂತ್ರ ಕೆಟ್ಟಿತೆಂದು ಜನ ಕಾಲು ಬಡಿಯುತ್ತಾರೆ, ಶಿಳ್ಳೆ ಹಾಕುತ್ತಾರೆ ಎಂದು ಯಂತ್ರದವನು ಗೊಣಗಿದ. ನನ್ನ ರೆಮಿಗೆ ಶಿಳ್ಳೆಯೇ ಎಂದು ನನಗೆ ಇನ್ನೂ ಸಂಕಟವಾಯಿತು.

'ಹಾಗಾದ್ರೆ ಅವನು ಮಾತಾಡೋದೇ ಕಾಣ್ದಿರೋ ಹಾಗೆ ಮಾಡ್ತೀನಿ ಅಮ್ಮ,' ಎಂದ ತಿಬೋ. 'ಅಷ್ಟು ತುಂಡು ತೆಗೀತೀನಿ. ಸರೀನಾ?'

'ಸರಿ,' ಎಂದೆ. ನನಗೆ ಬೇಕಾಗಿದ್ದದ್ದು ಆ ದನಿ ನಿಲ್ಲುವುದು. ಕತ್ತರಿ ಯಾವುದರ ಮೇಲೆ ಬೀಳುತ್ತದೆಂದು ಯೋಚಿಸುವಷ್ಟು ತಲೆ ಅವತ್ತು ನನ್ನ ಹೆಗಲ ಮೇಲಿರಲಿಲ್ಲ. ಯುಗೆತ್ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಕೋಟಿನ ಗುಂಡಿ ಹಾಕಿಕೊಟ್ಟಳು.

ಮೇ ತಿಂಗಳಲ್ಲಿ ಸಿನಿಮಾ ಬಿಡುಗಡೆಯಾಯಿತು. ಮೊದಲ ಮಧ್ಯಾಹ್ನದ ಆಟಕ್ಕೆ ಹೋದೆ. ಬಾಗಿಲು ತೆರೆಯಿತು, ರೆಮಿ ಹೊರಗೆ ಬಂದ, ನಾನು ಬೈದೆ. ಥಿಯೇಟರಿಗೆ ಥಿಯೇಟರೇ ಗೊಳ್ಳೆಂದು ನಕ್ಕಿತು. ಕಿಟಕಿ ಧಡ್ಡೆಂದಿತು, ಮರುಕ್ಷಣ ರೆಮಿ ಬೀದಿಯ ತುದಿಯಲ್ಲಿದ್ದ. ತಿರುಗಲಿಲ್ಲ, ನಿಲ್ಲಲಿಲ್ಲ, ನಗಲಿಲ್ಲ. ದೆವ್ವ ಎತ್ತಿ ಅಲ್ಲಿಟ್ಟ ಹಾಗೆ ಇದ್ದ, ಮರೆಯಾದ. ನಾನು ಕುರ್ಚಿಯ ಕೈ ಹಿಡಿದುಕೊಂಡು ಮುಂದಕ್ಕೆ ಬಾಗಿದೆ, ಅವನು ಎಲ್ಲೋ ಕೆಳಗೆ ಬಿದ್ದುಹೋದನೇನೋ ಎಂಬಂತೆ.

ಹಿಂದಿನವರು ಹೀಗೆ ಕತ್ತರಿಸುತ್ತಿರಲಿಲ್ಲವಂತೆ. ನಡುವೆ ಒಂದು ಗಡಿಯಾರವನ್ನೋ ಬೆಕ್ಕನ್ನೋ ತೋರಿಸಿ ಹೊಲಿಗೆ ಮುಚ್ಚುತ್ತಿದ್ದರಂತೆ. ತಿಬೋ ಹತ್ತಿರ ಬೆಕ್ಕಿರಲಿಲ್ಲ. ಆ ಒಂದು ಜಾಗ ತಪ್ಪಿನ ಹಾಗೆ ಕಾಣುತ್ತದೆಂದು ಅವನು ಇಡೀ ಸಿನಿಮಾದಲ್ಲಿ ಕಂಡ ಕಂಡ ಕಡೆ ಹಾಗೆಯೇ ಕತ್ತರಿಸಿಬಿಟ್ಟಿದ್ದ. ನಾಯಕಿ ಬಾಗಿಲಲ್ಲಿರುತ್ತಾಳೆ, ರೆಪ್ಪೆ ಬಡಿಯುವುದರೊಳಗೆ ಮಂಚದ ಮೇಲಿರುತ್ತಾಳೆ. ಅಂಗಿ ಒಂದು ಕಡೆ ಹರಿದರೆ ಬಡತನ, ಎಲ್ಲ ಕಡೆ ಹರಿದರೆ ಫ್ಯಾಷನ್. ಪತ್ರಿಕೆಯವರು ಕುಣಿದಾಡಿದರು. ಕಾಲವನ್ನೇ ಕತ್ತರಿಸಿದ್ದಾನೆ ಎಂದು ಬರೆದರು.

ಮಾರನೆಯ ದಿನ ಆರು ಮಹಡಿ ಹತ್ತಿದೆ. ಸಿನಿಮಾದಲ್ಲಿ ಇಲ್ಲದಿದ್ದರೆ ಹೋಗಲಿ, ಕತ್ತರಿಸಿದ ಆ ತುಂಡು ಕೊಡು ಎಂದು ಕೇಳಿದೆ. ಅವನು ಹಾಸಿಗೆಯ ಮೇಲೆ ಕೂತುಬಿಟ್ಟ. ಕತ್ತರಿಸಿದ ಚೂರನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಫಿಲ್ಮಿಗೆ ಬಳಿದ ಬೆಳ್ಳಿಯನ್ನು ತೊಳೆದು ತೆಗೆಯುವವನಿಗೆ ಹಾಕುವುದು ವಾಡಿಕೆ. ತಿಂಗಳ ಹಿಂದೆಯೇ ಹೋಗಿತ್ತು. ಎಷ್ಟು ಉದ್ದವಿತ್ತು ಎಂದೆ. ಆರು ಸೆಕೆಂಡು ಎಂದ. ಆ ಹುಡುಗನನ್ನು ಬೈಯಬೇಕೆಂದು ನೂರಾ ಹದಿನಾಲ್ಕು ಮೆಟ್ಟಿಲು ಹತ್ತಿದ್ದೆ. ಅವನು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟ, ಬೈಗಳು ಹಾಗೇ ಉಳಿಯಿತು. ಬೇಡ ಎಂದವಳು ನಾನೇ ತಾನೆ.

ಆಮೇಲೆ ಅವನು ದೊಡ್ಡ ಮನುಷ್ಯನಾದ. ಅವನ ಕತ್ತರಿ ಊರೂರು ತಿರುಗಿತು. ಪ್ರಾಗ್‌ನವರು, ಬ್ರೆಜಿಲಿನವರು, ಜಪಾನಿನವರು ಆ ಬೀದಿ ನೋಡಲು ಬಂದರು. ಎಲ್ಲರಿಗೂ ನನ್ನ ಕಿಟಕಿಯೇ ಬೇಕು. ಒಬ್ಬ ಜಪಾನಿನವನು, ಅವನ ಊರಿನಲ್ಲಿ ಹುಡುಗರೆಲ್ಲ ಈಗ ಹೀಗೆಯೇ ಕತ್ತರಿಸುತ್ತಾರೆ ಎಂದು ಬಗ್ಗಿ ಬಗ್ಗಿ ಹೇಳಿದ. ನನ್ನ ಮಗನ ಕತ್ತು ತಿರುಗದೆ ಹೋದದ್ದು ಒಂದೇ ಕಡೆ ಎಂದುಕೊಂಡಿದ್ದೆ, ಪ್ರಪಂಚದ ತುಂಬ ಯಾರ ಯಾರ ಕತ್ತೋ ತಿರುಗದೆ ಹೋಗುತ್ತಿದೆ. ಅದು ಯಾಕೆ ಹಾಗೆ ಕತ್ತರಿಸಿದಿರಿ ಎಂದು ಕೇಳಿದವರಿಗೆಲ್ಲ ತಿಬೋ, ಕಾಲ, ನೆನಪು ಎಂದು ಏನೇನೋ ದೊಡ್ಡ ಮಾತು ಹೇಳುತ್ತಿದ್ದ. ಕಾಲವಂತೆ, ಪೆಪ್ಪರಮಿಂಟು ಅಂತ ಯಾಕೆ ಹೇಳುವುದಿಲ್ಲ ಎಂದು ಒಂದು ದಿನ ಕೆಣಕಿದೆ. 'ನಿಮ್ಮನೆ ವಿಷ್ಯ ಅವ್ರಿಗ್ಯಾಕೆ ಅಮ್ಮ' ಎಂದ. ಸಾಯುವವರೆಗೂ ಬಾಯಿ ಬಿಡಲಿಲ್ಲ. ಯುಗೆತ್ ಅವನಿಗಿಂತ ಮೊದಲೇ ಹೋಗಿದ್ದಳು.

ಪೆಪ್ಪರಮಿಂಟಿನವನ ದನಿ ವರ್ಷದೊಳಗೆ ಅಳಿಸಿಹೋಯಿತು. ರೆಮಿಯ ದನಿ ಅದಾದ ಮೇಲೆ ತಾನಾಗಿ ಒಂದೆರಡು ಸಲ ಬಂತು. ಕರೆದಾಗ ಬರಲಿಲ್ಲ.

ಹೋದ ವಾರ ಆ ಸಿನಿಮಾವನ್ನು ಹಳೆಯ ಥಿಯೇಟರಿನಲ್ಲಿ ಮತ್ತೆ ಹಾಕಿದ್ದರು. ಮಧ್ಯಾಹ್ನದ ಆಟ. ಪಕ್ಕದ ಕುರ್ಚಿಯಲ್ಲಿ ಒಬ್ಬ ಕಾಲೇಜು ಹುಡುಗಿ, ಮಡಿಲಲ್ಲಿ ನೋಟ್‌ಬುಕ್ಕು. ಮುದುಕಿಗೆ ತಿಳಿಯಲಿಕ್ಕಿಲ್ಲ ಎಂದು ಪಾಪ ಆಗಾಗ ಬಗ್ಗಿ ವಿವರಿಸುತ್ತಿದ್ದಳು. ಜನ ನಕ್ಕರು, ಕಿಟಕಿ ಧಡ್ಡೆಂದಿತು, ರೆಮಿ ಬೀದಿಯ ತುದಿಗೆ ಹಾರಿದ.

'ನೋಡಿದ್ರಾ ಅಜ್ಜಿ,' ಎಂದು ಪಿಸುಗುಟ್ಟಿದಳು. 'ತಿರುಗಿ ಕೂಡ ನೋಡಲ್ಲ ಅವ್ನು. ಹಿಂದೆ ಬಿಟ್ಟಿದ್ದು ಏನೂ ಬೇಡ ಅವ್ನಿಗೆ. ಅದೇ ಇಲ್ಲಿ ಹೊಸದು.'

'ತಿರುಗಿದ ಕಣಮ್ಮ,' ಎಂದೆ. 'ಒಂದ್ ಹೆಜ್ಜೆ ವಾಪಸ್ಸೂ ಬಂದ. ಏನೋ ಹೇಳ್ದ. ಕೇಳೋಕೆ ಕಿಟಕೀಲಿ ನಾನಿರ್ಲಿಲ್ಲ.'

ಅವಳು ಕತ್ತಲಲ್ಲಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು ತಟ್ಟಿದಳು. 'ಹೌದಜ್ಜಿ, ಹೌದು' ಎಂದು, ಪರದೆಯ ಕಡೆ ತಿರುಗಿದಳು.